ವರದಿ ‘ಏನೂ ಕಂಡಿಲ್ಲ’ ಅಂದಾಗ: ದನ-ಕುರಿಗಳ ಮಾದರಿ ಎಲ್ಲಿ ಕೆಟ್ಟಿತೆಂದು ಹುಡುಕುವ ಬಗೆ

ಪ್ರಯೋಗಾಲಯದಿಂದ ‘ರೋಗಾಣು ಕಂಡುಬಂದಿಲ್ಲ’ ಎಂದು ಬಂದ ವರದಿಯನ್ನು ದನಕ್ಕೆ ರೋಗವೇ ಇರಲಿಲ್ಲ ಎಂದು ಓದಬಾರದು. ಆ ಸೀಸೆಯಲ್ಲಿ, ಅದು ಪರೀಕ್ಷೆಯ ಮೇಜಿಗೆ ಬಂದ ಹೊತ್ತಿನಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ಅದರ ಅರ್ಥ. ಚಿಂಚೋಳಿಯಿಂದ ಕಲಬುರಗಿಗೆ, ಔರಾದ್‌ನಿಂದ ಬೀದರಿಗೆ, ಹುಣಸಗಿಯಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ, ಅದಕ್ಕೂ ಮೊದಲು ಕೊಟ್ಟಿಗೆಯಲ್ಲೇ, ಮಾದರಿ ಕೆಡಲು ಜಾಗಗಳು ಬೇಕಾದಷ್ಟಿವೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿ ಅದಕ್ಕಿಂತಲೂ ಕಾದಿರುತ್ತದೆ. ಪುಸ್ತಕದಲ್ಲಿ ‘ಕೋಣೆಯ ಉಷ್ಣತೆ’ ಎಂದು ಬರೆದದ್ದು ಇಲ್ಲಿನ ತಗಡಿನ ಕೋಣೆಗೆ ಹೊಂದುವುದಿಲ್ಲ.

ಹೀಗಾಗಿ ವರದಿಯಲ್ಲಿ ಬಂದ ಮಾತಿನಿಂದಲೇ ಶುರುಮಾಡಿ ಹಿಂದಕ್ಕೆ ಹೋಗುತ್ತಾ ತಪ್ಪು ಹುಡುಕಬೇಕು. ಈ ಬರಹ ಅದೇ ಕ್ರಮದಲ್ಲಿದೆ.

‘ಸೀರಂ ಕೆಂಪಾಗಿದೆ, ಪರೀಕ್ಷೆಗೆ ಬಾರದು’

ಅತಿ ಹೆಚ್ಚು ಮಾದರಿ ತಿರಸ್ಕಾರವಾಗುವುದು ಇದೇ ಕಾರಣಕ್ಕೆ. ಸೀರಂ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬಿಡುವ ನೀರು. ಒಳ್ಳೆಯ ಸೀರಂ ಒಣ ಕಣಿಕೆಯ ಬಣ್ಣದ್ದು, ತಿಳಿ ಹಳದಿ. ಕೆಂಪು ರಕ್ತಕಣ ಒಡೆದರೆ ಅದು ಕುಂಕುಮ ಕದಡಿದ ನೀರಿನಂತಾಗುತ್ತದೆ.

ಮೊದಲು ಒಂದು ಪ್ರಶ್ನೆ ತೀರ್ಮಾನವಾಗಬೇಕು: ಕಣ ಒಡೆದದ್ದು ದನದ ಮೈಯೊಳಗೋ, ಸೀಸೆಯೊಳಗೋ? ದನ ಕಾಫಿ ಬಣ್ಣದ ಮೂತ್ರ ಹೊಯ್ಯುತ್ತಿದ್ದು, ಕಣ್ಣಿನ ಒಳಪೊರೆ ಬಿಳಿಚಿದ್ದರೆ ಕೆಂಪುಕಣದೊಳಗೆ ಬೆಳೆಯುವ ಬೆಬೇಸಿಯಾ ಪರೋಪಜೀವಿಯಂಥ ಕಾರಣವಿರಬಹುದು. ಆಗ ಕೆಂಪು ಸೀರಂ ರೋಗದ್ದೇ ಸುಳಿವು, ಅದನ್ನು ಮಾದರಿಯ ಜೊತೆ ಕಳಿಸುವ ಅರ್ಜಿಯಲ್ಲಿ ಬರೆಯಲೇಬೇಕು. ಮೂತ್ರ ತಿಳಿಯಾಗಿದ್ದು, ಅದೇ ದಿನ ತೆಗೆದ ನಾಲ್ಕೈದು ದನಗಳ ಸೀರಂ ಎಲ್ಲವೂ ಕೆಂಪಾಗಿದ್ದರೆ ತಪ್ಪು ತೆಗೆದ ಕೈಯದು ಅಥವಾ ಸಾಗಿಸಿದ ದಾರಿಯದು.

ಕೈಯ ತಪ್ಪುಗಳು ಗೊತ್ತಿರುವಂಥವೇ. ಕುದಿಸಿ ತೊಳೆದ ಸಿರಿಂಜಿನಲ್ಲಿ ಉಳಿದ ಎರಡು ಹನಿ ನೀರು ಸಾಕು, ಕಣ ಉಬ್ಬಿ ಒಡೆಯುತ್ತದೆ. ದೊಡ್ಡ ದನಕ್ಕೆ ಸಪೂರ ಸೂಜಿ ಹಾಕಿ ಪಿಸ್ಟನ್ ಜಗ್ಗಿದರೂ ಒಡೆಯುತ್ತದೆ. ದನ-ಎಮ್ಮೆಗೆ 18 ಗೇಜ್, ಕುರಿ-ಆಡಿಗೆ 20 ಗೇಜ್ ಸೂಜಿ ಇರಲಿ. ತುಂಬಿದ ಸಿರಿಂಜನ್ನು ಸೂಜಿ ಸಮೇತ ವಯಲಿನ (ಚಿಕ್ಕ ಸೀಸೆಯ) ಮುಚ್ಚಳಕ್ಕೆ ಚುಚ್ಚಿ ಒತ್ತಬಾರದು. ಸೂಜಿ ಕಳಚಿ, ಮುಚ್ಚಳ ತೆಗೆದು, ವಯಲನ್ನು ಓರೆ ಹಿಡಿದು, ರಕ್ತ ಗೋಡೆಗುಂಟ ಇಳಿಯುವಂತೆ ಬಿಡಬೇಕು.

ಕೈ ಸರಿಯಿದ್ದರೂ ಐಸ್ ಕೆಡಿಸುತ್ತದೆ. ರಕ್ತ ತೆಗೆದ ಕೂಡಲೇ ಐಸ್ ಮೇಲಿಡುವುದು ಒಳ್ಳೆಯದೆಂಬ ನಂಬಿಕೆ ಬಲವಾಗಿದೆ. ಆದರೆ ಹೆಪ್ಪುಗಟ್ಟುವ ಮೊದಲೇ ತಣ್ಣಗಾದ ರಕ್ತದಲ್ಲಿ ಹೆಪ್ಪು ಸರಿಯಾಗಿ ಕುಗ್ಗುವುದಿಲ್ಲ, ಸೀರಂ ಬಿಡುವುದಿಲ್ಲ. ಡೀಪ್ ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕಿಗೆ ವಯಲ್ ತಾಗಿದರೆ ತಾಗಿದ ಕಡೆ ರಕ್ತ ಹೆಪ್ಪುಮಂಜಾಗಿ (ಐಸಿನಂತೆ ಗಟ್ಟಿಯಾಗಿ) ಕಣಗಳೆಲ್ಲ ಒಡೆಯುತ್ತವೆ. ಸರಿಯಾದ ಕ್ರಮ ಇದು: ರಾಸಾಯನಿಕ ಇಲ್ಲದ ಕೆಂಪು ಮುಚ್ಚಳದ ವಯಲಿಗೆ 8ರಿಂದ 10 ಮಿ.ಲೀ. ರಕ್ತ ಹಾಕಿ, ಅಲುಗಿಸದೆ, ನೆರಳಲ್ಲಿ ಓರೆಯಾಗಿ ಒಂದರಿಂದ ಎರಡು ತಾಸು ಬಿಡಿ. ಬೇಸಿಗೆಯಲ್ಲಿ ನೆರಳೂ ಕಾದಿದ್ದರೆ ಕುಡಿಯುವ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಅದಕ್ಕೆ ಒರಗಿಸಿಡಿ; ಅಷ್ಟು ತಂಪು ಸಾಕು. ಹೆಪ್ಪು ಗೋಡೆ ಬಿಟ್ಟು ಕುಗ್ಗಿ, ಸುತ್ತ ಹಳದಿ ನೀರು ನಿಂತದ್ದು ಕಂಡ ಮೇಲೆ ಆ ನೀರನ್ನು ಇನ್ನೊಂದು ಒಣ ವಯಲಿಗೆ ನಿಧಾನ ಬಗ್ಗಿಸಿಕೊಳ್ಳಿ. 10 ಮಿ.ಲೀ. ರಕ್ತಕ್ಕೆ 3ರಿಂದ 4 ಮಿ.ಲೀ. ಸೀರಂ ಸಿಗುತ್ತದೆ. ಐಸ್ ಬೇಕಾಗುವುದು ಇದಾದ ಮೇಲೆ. ಹೆಪ್ಪಿನ ಸಮೇತ ಬಸ್ಸಿಗೆ ಹಾಕಿದರೆ ಆಳಂದ ರಸ್ತೆಯ ಕುಲುಕಾಟವೊಂದೇ ಸಾಕು, ಸೀರಂ ಮತ್ತೆ ಕೆಂಪಾಗುತ್ತದೆ.

ಬೇರ್ಪಡಿಸಿದ ಸೀರಂ 4 ಡಿಗ್ರಿಯಲ್ಲಿ ಎರಡು-ಮೂರು ದಿನ ಇರುತ್ತದೆ. ಅದಕ್ಕಿಂತ ತಡವಾದರೆ ಮೈನಸ್ 20 ಡಿಗ್ರಿಯಲ್ಲಿಡಬಹುದು. ಸೀರಂ ಹೆಪ್ಪುಮಂಜಾದರೆ ನಡೆಯುತ್ತದೆ, ಇಡೀ ರಕ್ತ ಆದರೆ ನಡೆಯದು.

‘ರಕ್ತ ಹೆಪ್ಪುಗಟ್ಟಿದೆ’, ‘ಕ್ಯಾಲ್ಸಿಯಂ ಅಳತೆಗೆ ಸಿಗದಷ್ಟು ಕಡಿಮೆ’

ನೇರಳೆ ಮುಚ್ಚಳದ, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಹಾಕಿದ ವಯಲಿನಲ್ಲಿ ಹೆಪ್ಪು ಬಂದರೆ ಕಾರಣ ಎರಡೇ: ಗುರುತು ಮೀರಿ ತುಂಬಿದ್ದಾರೆ, ಇಲ್ಲವೇ ತುಂಬಿ ಹಾಗೇ ಇಟ್ಟಿದ್ದಾರೆ. ತುಂಬಿದ ಕೂಡಲೇ ವಯಲನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಔಷಧದ ಬಾಟಲಿಯಂತೆ ಕುಲುಕಬಾರದು. ಗುರುತಿಗಿಂತ ಕಡಿಮೆ ತುಂಬುವುದೂ ತಪ್ಪೇ. 3 ಮಿ.ಲೀ. ವಯಲಿಗೆ 1 ಮಿ.ಲೀ. ಹಾಕಿದರೆ ಇಡಿಟಿಎ ಹೆಚ್ಚಾಗಿ ಕಣಗಳು ಸುಕ್ಕುಗಟ್ಟಿ, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಲ್ಲದ ರಕ್ತಹೀನತೆಗೆ ಔಷಧ ಶುರುವಾಗುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಬೀಳದಂಥದ್ದು. ಕರು ಹಾಕಿ ಬಿದ್ದ ಆಕಳಿನ ರಕ್ತದ ವರದಿಯಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎಂಬಷ್ಟು ಕೆಳಗಿದ್ದರೆ ಅದೇ ಹಾಳೆಯಲ್ಲಿ ಪೊಟ್ಯಾಸಿಯಂ ನೋಡಿ. ಅದು ನಂಬಲಾರದಷ್ಟು ಮೇಲಿದ್ದರೆ ಹಾಲುಜ್ವರದ (ಕರು ಹಾಕಿದಾಗ ಕ್ಯಾಲ್ಸಿಯಂ ಇಳಿದು ಬೀಳುವ ಕಾಯಿಲೆಯ) ಲೆಕ್ಕ ಬಿಟ್ಟು ಸೀಸೆಯ ಮೇಲೆ ಸಂಶಯಪಡಿ. ಕೆಂಪು ವಯಲಿನಲ್ಲಿ ರಕ್ತ ಸಾಲದೆಂದು ಯಾರೋ ನೇರಳೆ ವಯಲಿನದ್ದನ್ನು ಅದಕ್ಕೆ ಸುರಿದಿದ್ದಾರೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅದು ಪೊಟ್ಯಾಸಿಯಂ ಲವಣವಾಗಿಯೇ ವಯಲಿನಲ್ಲಿರುತ್ತದೆ. ಕ್ಯಾಲ್ಸಿಯಂ ಬಾಟಲಿ ಏರಿಸಿದ ಮೇಲೆ ತೆಗೆದ ರಕ್ತ ಇದಕ್ಕೆ ತದ್ವಿರುದ್ಧ ಸುಳ್ಳು ಹೇಳುತ್ತದೆ. ಆಕಳು ಬಿದ್ದಿದೆ, ಜೀವ ಉಳಿಸಬೇಕು, ಬಾಟಲಿ ಏರಿಸಲೇಬೇಕು ಎಂಬುದು ಸರಿ. ಆದರೆ ಅದೇ ಸೂಜಿಯಿಂದ ಮೊದಲು 5 ಮಿ.ಲೀ. ರಕ್ತ ತೆಗೆದುಕೊಳ್ಳಲು ಅರ್ಧ ನಿಮಿಷವೂ ಬೇಡ.

ಸಕ್ಕರೆ ಅಂಶ ನೋಡಬೇಕಿದ್ದರೆ ಫ್ಲೋರೈಡ್ ಇರುವ ಬೂದು ಮುಚ್ಚಳದ ವಯಲ್ ಬೇಕು. ಬೇರೆ ವಯಲಿನಲ್ಲಿ ರಕ್ತಕಣಗಳೇ ತಾಸು ತಾಸಿಗೆ ಸಕ್ಕರೆ ತಿಂದು ಮುಗಿಸುತ್ತವೆ.

‘ಸ್ಲೈಡ್ ಓದಲು ಬರುವುದಿಲ್ಲ’

ಸ್ಲೈಡಿನ ಮೇಲೆ ತೆಳುವಾಗಿ ಎಳೆದ ರಕ್ತಲೇಪ ಇಡೀ ನೀಲಿಗಟ್ಟಿ ಮಸುಕಾಗಿ ಬಂದಿದ್ದರೆ ಮೊದಲು ಕೇಳಬೇಕಾದದ್ದು: ಸ್ಲೈಡಿನ ಜೊತೆ ಅದೇ ಡಬ್ಬಿಯಲ್ಲಿ ಫಾರ್ಮಲಿನ್ (ಅಂಗಾಂಶ ಕೊಳೆಯದಂತೆ ಇಡುವ ದ್ರಾವಣ) ಬಾಟಲಿ ಇತ್ತೇ? ಫಾರ್ಮಲಿನ್ ಹಬೆ ಮುಚ್ಚಳದ ಸಂದಿಯಿಂದ ಬಂದರೂ ಸಾಕು, ಲೇಪಕ್ಕೆ ಗೀಮ್ಸಾ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಎರಡಕ್ಕೂ ಬೇರೆ ಬೇರೆ ಡಬ್ಬಿ, ಸಾಧ್ಯವಿದ್ದರೆ ಬೇರೆ ಬೇರೆ ಪಾರ್ಸಲ್.

ಲೇಪದಲ್ಲಿ ತೂತುಗಳಿದ್ದರೆ ಸ್ಲೈಡಿಗೆ ಜಿಡ್ಡಿತ್ತು. ದಪ್ಪಗಿದ್ದರೆ ಹನಿ ದೊಡ್ಡದಾಯಿತು, ಇಲ್ಲವೇ ಎಳೆಯುವ ಸ್ಲೈಡನ್ನು ತೀರ ನೆಟ್ಟಗೆ ಹಿಡಿದರು. 30ರಿಂದ 45 ಡಿಗ್ರಿ ಓರೆಯಲ್ಲಿ, ನಿಲ್ಲಿಸದೆ, ಒಂದೇ ಎಳೆತಕ್ಕೆ ಎಳೆಯಬೇಕು. ತುದಿ ನಾಲಗೆಯಂತೆ ತೆಳುವಾಗಿ ಮುಗಿದಿದ್ದರೆ ಲೇಪ ಚೆನ್ನಾಗಿದೆ. ಕಣಗಳ ಅಂಚು ಮುಳ್ಳುಮುಳ್ಳಾಗಿ ಕಂಡರೆ ಮಳೆಗಾಲದ ತೇವದಲ್ಲಿ ನಿಧಾನ ಒಣಗಿದೆ. ಗಾಳಿಯಲ್ಲಿ ಬೀಸಿ ಕೂಡಲೇ ಒಣಗಿಸಿ. ಕಣಗಳ ಮಧ್ಯೆ ಹೊಳೆಯುವ ಗುಳ್ಳೆ ಕಂಡರೆ ಮೆಥನಾಲಿಗೆ ನೀರು ಸೇರಿದೆ. ಮುಚ್ಚಳ ಸಡಿಲ ಬಿಟ್ಟ ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ಬಾಟಲಿ ಚೆಲ್ಲಿ ಹೊಸದನ್ನು ತೆಗೆಯಿರಿ. ಒಣಗಿದ ಲೇಪವನ್ನು ಎರಡರಿಂದ ಐದು ನಿಮಿಷ ಮೆಥನಾಲಿನಲ್ಲಿ ಅದ್ದಿದರೆ ಸಾಕು.

ಸ್ಲೈಡಿನಲ್ಲಿ ಅಲ್ಲಲ್ಲಿ ಲೇಪವೇ ಮಾಯವಾಗಿದ್ದರೆ? ನೊಣ ತಿಂದಿರುತ್ತದೆ. ಕೊಟ್ಟಿಗೆಯ ಕಟ್ಟೆಯ ಮೇಲೆ ಒಣಗಲು ಇಟ್ಟ ಲೇಪವನ್ನು ನೊಣಗಳು ಕೆಲವೇ ನಿಮಿಷದಲ್ಲಿ ನೆಕ್ಕುತ್ತವೆ. ಹೆಸರು ಅಳಿಸಿಹೋಗಿದ್ದರೆ ಪೆನ್ನಿನಲ್ಲಿ ಬರೆದಿದ್ದಾರೆ. ಮೆಥನಾಲ್ ಶಾಯಿಯನ್ನು ಕರಗಿಸುತ್ತದೆ, ಪೆನ್ಸಿಲ್ ಗುರುತು ಉಳಿಯುತ್ತದೆ.

ಲೇಪ ಅಚ್ಚುಕಟ್ಟಾಗಿದ್ದೂ ರಕ್ತಪರೋಪಜೀವಿ ಕಾಣದಿದ್ದರೆ ಸೂಜಿಯ ಲೆಕ್ಕ ಕೇಳಿ. ಡಿಮಿನಾಜಿನ್ ಎಂಬ ಸೂಜಿಮದ್ದು ಕೊಟ್ಟ ಮೇಲೆ ಬೆಬೇಸಿಯಾ ಬೇಗ ಮಾಯವಾಗುತ್ತದೆ. ಲೇಪವನ್ನು ಜ್ವರ ಏರಿದ್ದಾಗ, ಸೂಜಿ ಹಾಕುವ ಮೊದಲು, ಕಿವಿ ತುದಿಯ ಮೊದಲ ಹನಿಯಿಂದ ಮಾಡಬೇಕು. ಕುತ್ತಿಗೆಯ ರಕ್ತಕ್ಕಿಂತ ಅಲ್ಲಿ ಬೆಬೇಸಿಯಾ ಹೆಚ್ಚು ಸಿಗುತ್ತದೆ. ಮಿಶ್ರತಳಿ ಆಕಳಿಗೆ 105 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಹೆಗಲ ಮುಂದಿನ ಗ್ರಂಥಿ ಲಿಂಬೆಹಣ್ಣಿನಷ್ಟು ಉಬ್ಬಿದ್ದರೆ ಥೈಲೇರಿಯಾಕ್ಕೆ (ಇನ್ನೊಂದು ರಕ್ತಪರೋಪಜೀವಿಗೆ) ರಕ್ತಲೇಪವೊಂದನ್ನೇ ನಂಬಬೇಡಿ. ಆ ಗ್ರಂಥಿಗೆ ಸೂಜಿ ಚುಚ್ಚಿ ಹೀರಿದ ರಸದ ಲೇಪವನ್ನೂ ಕಳಿಸಿ.

‘ಬ್ಯಾಕ್ಟೀರಿಯಾ ಬೆಳೆದಿಲ್ಲ’, ‘ಹಲವು ಬಗೆ ಬೆಳೆದಿವೆ’

ಮುಂಗಾರಿನ ಮೊದಲ ಮಳೆಗೆ ಗಂಟಲು ಊದಿ ಎಮ್ಮೆ ಸತ್ತರೆ ಎಲ್ಲರ ಬಾಯಲ್ಲೂ ಗಳಲೆ ರೋಗವೇ. ವರದಿ ಮಾತ್ರ ‘ಬೆಳೆದಿಲ್ಲ’ ಎನ್ನುತ್ತದೆ. ಸಾಯುವ ಮೊದಲು ಎರಡು ದಿನ ಆಕ್ಸಿಟೆಟ್ರಾಸೈಕ್ಲಿನ್ ಹಾಕಿದ್ದರೆ ಬೆಳೆಯದಿರುವುದೇ ಸಹಜ. ಔಷಧ ಯಾವುದು, ಎಷ್ಟು, ಕೊನೆಯ ಸೂಜಿ ಎಷ್ಟು ಹೊತ್ತಿಗೆ, ಇವಿಷ್ಟನ್ನು ಅರ್ಜಿಯಲ್ಲಿ ಬರೆಯದೆ ಕಳಿಸಿದ ಮಾದರಿಯ ವರದಿಯನ್ನು ಅರ್ಥಮಾಡಿಕೊಳ್ಳಲು ಯಾರಿಂದಲೂ ಆಗದು. ರೈತರು ತಾವೇ ಅಂಗಡಿಯಿಂದ ತಂದು ಹಾಕಿದ್ದನ್ನು ಹೇಳಲು ಅಂಜುತ್ತಾರೆ. ಬೈಯದೆ ಕೇಳಿದರೆ ಹೇಳುತ್ತಾರೆ.

ಹೆಣ ಕೆಡಲು ಶುರುವಾಗಿದ್ದರೆ ಗಳಲೆ ರೋಗಕ್ಕೆ ಕಾಲಿನ ಉದ್ದನೆಯ ಮೂಳೆ ಒಳ್ಳೆಯ ಮಾದರಿ. ಮಾಂಸ ತೆಗೆದು, ಒಡೆಯದೆ, ಇಡೀ ಮೂಳೆಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿ. ಬೇರೆ ಅಂಗಗಳು ಕೊಳೆತ ಮೇಲೂ ಮಜ್ಜೆಯೊಳಗೆ ಬೇರೆ ಬ್ಯಾಕ್ಟೀರಿಯಾ ಸುಲಭವಾಗಿ ಹೊಗುವುದಿಲ್ಲ. ಮಾಂಸಖಂಡ ಊದುವ ಚಪ್ಪೆ ಬೇನೆಗೆ ಹತ್ತಿಕಡ್ಡಿ ಸಾಲದು. ಆ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗಿಬರುವುದಿಲ್ಲ, ಊದಿದ ಮಾಂಸದ ನಾಲ್ಕೈದು ಸೆಂಟಿಮೀಟರ್ ದಪ್ಪ ತುಂಡೇ ಬೇಕು.

ಕೆಚ್ಚಲು ಬಾವಿನ ಹಾಲಿನಲ್ಲಿ ಮೂರು ಬಗೆ ಅಥವಾ ಅದಕ್ಕಿಂತ ಹೆಚ್ಚು ಬೆಳೆದರೆ ಅದು ಸಗಣಿಯ, ಕೈಯ ಬೆಳೆ. ಮೊಲೆತುದಿಯನ್ನು ನೀರಿನಿಂದ ತೊಳೆದು ಒರೆಸದೆ ಹಿಂಡಿದರೆ ಇಳಿಯುವ ಕೊಳೆನೀರೇ ಸೀಸೆ ಸೇರುತ್ತದೆ. ಒರೆಸಿ ಒಣಗಿಸಿ, 70 ಶೇಕಡಾ ಸ್ಪಿರಿಟ್ ಹತ್ತಿಯಿಂದ ತುದಿ ಉಜ್ಜಿ, ಮೊದಲ ಮೂರು-ನಾಲ್ಕು ಧಾರೆ ಚೆಲ್ಲಿ, ವಯಲನ್ನು ಹೆಚ್ಚುಕಡಿಮೆ ಅಡ್ಡ ಹಿಡಿದು 5ರಿಂದ 10 ಮಿ.ಲೀ. ಹಿಡಿಯಿರಿ. ಉಜ್ಜುವಾಗ ದೂರದ ಮೊಲೆ ಮೊದಲು, ಹಿಂಡುವಾಗ ಹತ್ತಿರದ್ದು ಮೊದಲು; ಆಗ ಶುದ್ಧಮಾಡಿದ ತುದಿಗೆ ತೋಳು ತಾಗುವುದಿಲ್ಲ.

ಹೆಣ ಕೊಯ್ಯುವ ಮೊದಲು

ಚೆನ್ನಾಗಿದ್ದ ದನ ಒಮ್ಮೆಲೇ ಸತ್ತು, ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದು, ಹೆಣ ಬೇಗ ಉಬ್ಬಿ, ಸೆಟೆಯದೆ ಇದ್ದರೆ ಚಾಕು ಮುಟ್ಟಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಕೊಯ್ದರೆ ಬ್ಯಾಕ್ಟೀರಿಯಾ ಗಾಳಿಗೆ ಬಂದು ಬೀಜಕವಾಗಿ ಆ ಎರೆಭೂಮಿಯಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಕೊಯ್ದವರಿಗೂ ಹತ್ತುತ್ತದೆ. ಕೈಗವಸು ಹಾಕಿ ಕಿವಿಯ ರಕ್ತನಾಳದಿಂದ ಒಂದು ಲೇಪ ಮತ್ತು ರಕ್ತದಲ್ಲಿ ಅದ್ದಿದ ಒಂದು ಹತ್ತಿಕಡ್ಡಿ ಮಾತ್ರ ತೆಗೆಯಬೇಕು. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಹಾಕಿದಾಗ ಚೌಕ ತುದಿಯ ನೀಲಿ ಕೋಲುಗಳು, ಅವುಗಳ ಸುತ್ತ ಗುಲಾಬಿ ಕವಚ ಕಂಡರೆ ಸಂಶಯ ಗಟ್ಟಿ.

ಇಲ್ಲಿಯ ಬಿಸಿಲಿನಲ್ಲಿ ಒಂದು ದಿನ ಬಿದ್ದ ಹೆಣದ ಲೇಪದಲ್ಲಿ ಕೋಲು ಕಾಣದಿದ್ದರೆ ಆಂಥ್ರಾಕ್ಸ್ ಇಲ್ಲ ಎಂದು ತೀರ್ಮಾನಿಸಬಾರದು. ಕೊಯ್ಯದೆ ಬಿಟ್ಟ ಹೆಣ ಕೊಳೆಯುವಾಗ ಆ ಬ್ಯಾಕ್ಟೀರಿಯಾ ತಾನೇ ಸಾಯುತ್ತದೆ. ಹತ್ತಿಕಡ್ಡಿಯ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಅಥವಾ ಪಿಸಿಆರ್ (ರೋಗಾಣುವಿನ ವಂಶವಾಹಿ ಹುಡುಕುವ ಪರೀಕ್ಷೆ) ವರದಿ ಬರುವವರೆಗೆ ಹೆಣವನ್ನು ಆಂಥ್ರಾಕ್ಸ್ ಎಂದೇ ನೋಡಿಕೊಂಡು ಆಳವಾಗಿ ಹೂಳಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಇಂಥ ಸಂಶಯವನ್ನು ತಿಳಿಸುವುದು ದನದ ಮಾಲೀಕರ ಹೊಣೆಯೂ ಹೌದು.

‘ವಿಷ ಪತ್ತೆಯಾಗಿಲ್ಲ’

ಮಳೆ ಕೈಕೊಟ್ಟು ಬಾಡಿದ ಎಳೆಜೋಳ, ಕಟಾವಾದ ಮೇಲೆ ಚಿಗುರಿದ ಕೂಳೆ. ಇವನ್ನು ಮೇಯ್ದ ದನ ಕೆಲವೇ ನಿಮಿಷದಲ್ಲಿ ಉಸಿರುಗಟ್ಟಿ ಬೀಳುವುದು ಜೋಳದ ನಾಡಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಪರೀಕ್ಷೆಯಲ್ಲಿ ಆ ಜೋಳದ ವಿಷವಾದ ಸೈನೈಡ್ ಸಿಗುವುದಿಲ್ಲ, ಯಾಕೆಂದರೆ ಅದು ಬೇಗ ಆವಿಯಾಗುತ್ತದೆ. ಹೊಟ್ಟೆಯ ಮೇವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸಡಿಲ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಹಾಕಿದರೆ ಊರು ಮುಟ್ಟುವಷ್ಟರಲ್ಲಿ ವಿಷ ಹಾರಿಹೋಗಿರುತ್ತದೆ. ಸತ್ತ ನಾಲ್ಕು ತಾಸಿನೊಳಗೆ ಹೊಟ್ಟೆಯ ಮೇವು, ಯಕೃತ್ತು, ಮಾಂಸ ತೆಗೆದು, ಅಗಲಬಾಯಿಯ ಗಾಜಿನ ಬಾಟಲಿಗಳಲ್ಲಿ ಗಾಳಿಗೆ ಜಾಗವಿಲ್ಲದಂತೆ ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ಹೆಪ್ಪುಮಂಜು ಮಾಡಿ ಕಳಿಸಿ. ಮೇಯ್ದ ಹೊಲದ ಜೋಳದ ಗಿಡವನ್ನೂ ಬೇರೆ ಬಾಟಲಿಯಲ್ಲಿ ಸೇರಿಸಿ. ಪಿಕ್ರೇಟ್ ಕಾಗದ ಇದ್ದವರು ಹೊಲದಲ್ಲೇ ನೋಡಬಹುದು: ಸೀಸೆಯಲ್ಲಿ ಜಜ್ಜಿದ ಎಲೆಗೆ ಒಂದೆರಡು ಹನಿ ಕ್ಲೋರೋಫಾರ್ಮ್ ಹಾಕಿ, ಕಾಗದ ಎಲೆಗೆ ತಾಗದಂತೆ ನೇತಾಡಿಸಿ ಬಿರಡೆ ಹಾಕಿ; ಸೈನೈಡ್ ಇದ್ದರೆ ಹಳದಿ ಕಾಗದ ಇಟ್ಟಿಗೆಗೆಂಪಿಗೆ ತಿರುಗುತ್ತದೆ.

ತೊಗರಿ, ಹತ್ತಿಗೆ ಹೊಡೆದ ಕೀಟನಾಶಕದ ಸಂಶಯವಿದ್ದಾಗ ಆಗುವ ತಪ್ಪು ಬೇರೆ. ಹೊಟ್ಟೆಯ ಮೇವು, ಯಕೃತ್ತು, ಮೂತ್ರಪಿಂಡ ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿ ಮೇಲೆ ಫಾರ್ಮಲಿನ್ ಸುರಿಯುತ್ತಾರೆ. ಆ ಬಾಟಲಿ ಯಾವ ಪರೀಕ್ಷೆಗೂ ಬರುವುದಿಲ್ಲ. ವಿಷದ ಮಾದರಿಗೆ ಫಾರ್ಮಲಿನ್ ಎಂದಿಗೂ ಕೂಡದು. ಒಂದೊಂದು ಅಂಗಕ್ಕೆ ಒಂದೊಂದು ಬಾಟಲಿ, ಐಸ್.

‘ಅಂಗಾಂಶ ಕೊಳೆತಿದೆ’

ಫಾರ್ಮಲಿನ್ ಹಾಕಿದರೂ ಒಳಗೆ ಕೊಳೆತಿದೆ ಎಂದರೆ ತುಂಡು ದಪ್ಪ, ದ್ರಾವಣ ಕಡಿಮೆ. ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ನೀರು ಒಂಬತ್ತು ಪಾಲು; ತುಂಡು 1 ಸೆಂಟಿಮೀಟರಿಗಿಂತ ದಪ್ಪ ಬೇಡ; ತುಂಡಿನ ಹತ್ತು ಪಟ್ಟು ದ್ರಾವಣ. ಫಾರ್ಮಲಿನ್ ಮಾದರಿಯನ್ನು ಹೆಪ್ಪುಮಂಜು ಮಾಡಬೇಡಿ.

ಹುಚ್ಚುನಾಯಿ ಕಡಿದು ಸತ್ತ ದನದ ಮೆದುಳನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕುವುದು ದೊಡ್ಡ ನಷ್ಟ, ಏಕೆಂದರೆ ರೇಬೀಸಿನ ಮುಖ್ಯ ಪರೀಕ್ಷೆಯಾದ ಫ್ಲೋರೊಸೆಂಟ್ ಆಂಟಿಬಾಡಿ ಪರೀಕ್ಷೆಗೆ ತಾಜಾ ಮೆದುಳು ಬೇಕು. ಐಸಿನಲ್ಲಿ, ಅದಾಗದಿದ್ದರೆ 50 ಶೇಕಡಾ ಗ್ಲಿಸರಿನ್-ಸಲೈನಿನಲ್ಲಿ ಕಳಿಸಿ. ಇದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರತ್ಯೇಕ ರೇಬೀಸ್ ಪ್ರಯೋಗಾಲಯವಿದೆ. ಈ ಹೆಣ ಮುಟ್ಟುವವರು ಮುಂಚಿತ ಲಸಿಕೆ ಹಾಕಿಸಿಕೊಂಡವರೇ ಆಗಿರಬೇಕು.

‘ಪ್ರತಿಕಾಯ ಇದೆ’, ‘ಪ್ರತಿಕಾಯ ಇಲ್ಲ’

ಕುರಿ ಹಿಂಡಿನಲ್ಲಿ ಕಣ್ಣು-ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿದಾಗ ಸೀರಂ ಒಂದನ್ನೇ ಕಳಿಸುತ್ತಾರೆ. ಹಿಂಡಿಗೆ ಪಿಪಿಆರ್ (ಕುರಿ-ಆಡುಗಳ ಈ ವೈರಸ್ ರೋಗ) ಲಸಿಕೆ ಆಗಿದ್ದರೆ ಪ್ರತಿಕಾಯ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಹೇಗಿದ್ದರೂ ಸಿಗುತ್ತದೆ. ಅದು ಲಸಿಕೆಯದೋ ರೋಗದ್ದೋ ಎಂದು ಬಿಡಿಸಿ ಹೇಳಲಾಗದು. ಜ್ವರ ಬಂದ ಮೊದಲ ಮೂರು-ನಾಲ್ಕು ದಿನದಲ್ಲಿ, ಭೇದಿ ಶುರುವಾಗುವ ಮೊದಲಿನ ಕುರಿಗಳನ್ನು ಹಿಂಡಿನಲ್ಲಿ ಹುಡುಕಿ ಅವುಗಳ ಮೂಗಿನ, ಕಣ್ಣಿನ ಹತ್ತಿಕಡ್ಡಿ ಮತ್ತು ಇಡಿಟಿಎ ರಕ್ತ ತೆಗೆಯಿರಿ. ಸಾಯಲು ಬಿದ್ದ ಕುರಿಯಲ್ಲಿ ವೈರಸ್ ಆಗಲೇ ಇಳಿದಿರಬಹುದು. ಪಿಸಿಆರ್‌ಗೆ ಹೋಗುವ ರಕ್ತಕ್ಕೆ ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕವಾದ ಹೆಪಾರಿನ್ ಬೇಡ, ಅದು ಪರೀಕ್ಷೆಯನ್ನೇ ತಡೆಯುತ್ತದೆ.

ಗರ್ಭ ಕಂದಿದ (ದಿನ ತುಂಬುವ ಮೊದಲೇ ಕರು ಹೋದ) ದೇವಣಿ ತಳಿಯ ಆಕಳಿನ ಸೀರಂನಲ್ಲಿ, ಗರ್ಭ ಕಂದಿಸುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಪ್ರತಿಕಾಯ ಸಿಗದಿದ್ದರೆ ಮೂರು ವಾರ ಬಿಟ್ಟು ಇನ್ನೊಮ್ಮೆ ಕಳಿಸಿ. ಕಂದಿದ ದಿನ ಪ್ರತಿಕಾಯ ಇನ್ನೂ ಏರಿರದೆ ಇರಬಹುದು. ಸತ್ತ ಕರುವಿನ ಹೊಟ್ಟೆಯ ದ್ರವ 3ರಿಂದ 5 ಮಿ.ಲೀ. ಸಿರಿಂಜಿನಲ್ಲಿ ತೆಗೆದರೆ ಅದರಲ್ಲಿ ರೋಗಾಣುವೇ ಸಿಗುವ ಸಾಧ್ಯತೆ ಹೆಚ್ಚು. ಬರಿಗೈಯಲ್ಲಿ ಮಾಸು ಎಳೆಯಬೇಡಿ, ಈ ರೋಗ ಮನುಷ್ಯರಿಗೂ ಹತ್ತುತ್ತದೆ.

ಡಬ್ಬಿ ಕಟ್ಟುವಾಗ

ಚೀಲದಲ್ಲಿ ತುಂಬಿದ ಐಸ್ ತುಂಡು ಕರಗಿ ನೀರಾಗಿ, ಚೀಟಿ ನೆನೆದು, ಯಾವ ವಯಲ್ ಯಾರ ದನದ್ದೆಂದೇ ಗೊತ್ತಾಗದೆ ಚೆಲ್ಲಿದ ಮಾದರಿಗಳೂ ಉಂಟು. ವಯಲಿಗೆ ಅಂಟುಪಟ್ಟಿ ಸುತ್ತಿ ಬಾಲ್‌ಪೆನ್ನಿನಲ್ಲಿ ಕಿವಿಯೋಲೆಯ ಸಂಖ್ಯೆ, ತಾರೀಖು ಬರೆಯಿರಿ. ವಯಲುಗಳನ್ನು ಹತ್ತಿಯಲ್ಲಿ ಸುತ್ತಿ ಸೋರದ ಪ್ಲಾಸ್ಟಿಕ್ ಡಬ್ಬಿಗೆ, ಆ ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಗೆ ಇಡಿ. ಜೆಲ್ ಐಸ್ ಪ್ಯಾಕಿಗೆ ನಾಲ್ಕು ಸುತ್ತು ಪತ್ರಿಕೆ ಸುತ್ತಿ ಕೆಳಗೊಂದು, ಮೇಲೊಂದು, ಬದಿಗೆ ಎರಡು. ಅರ್ಜಿ ಪೆಟ್ಟಿಗೆಯ ಹೊರಗೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಇರಲಿ: ಹಿಂಡಿನಲ್ಲಿ ಎಷ್ಟು, ಕಾಯಿಲೆ ಎಷ್ಟಕ್ಕೆ, ಸತ್ತದ್ದೆಷ್ಟು, ಲಸಿಕೆ ಯಾವಾಗ, ಔಷಧ ಯಾವುದು, ಮೇವು ಏನು, ನಿಮಗೆ ಸಂಶಯವಿರುವ ರೋಗ ಯಾವುದು. ಸಂಶಯ ಬರೆಯದಿದ್ದರೆ ಯಾವ ಪರೀಕ್ಷೆ ಮಾಡಬೇಕೆಂದು ಪ್ರಯೋಗಾಲಯದವರು ಊಹಿಸಬೇಕಾಗುತ್ತದೆ.

ಸಗಣಿಯ ಮಾದರಿಗೆ 10 ಗ್ರಾಂ ಸಾಕು, ನೆಲದ್ದು ಬೇಡ, ಗುದದಿಂದಲೇ ತೆಗೆಯಿರಿ. ಬೇಸಿಗೆಯಲ್ಲಿ ಒಂದು ದಿನ ಹೊರಗಿಟ್ಟರೆ ಜಂತುಮೊಟ್ಟೆ ಒಡೆದು ಎಣಿಕೆ ತಪ್ಪುತ್ತದೆ.

ಬಸ್ಸಿಗೆ ಕೊಡುವ ಮುಂಚೆ ಪ್ರಯೋಗಾಲಯಕ್ಕೆ ಫೋನ್ ಮಾಡಿ ಬಸ್ಸಿನ ಸಂಖ್ಯೆ, ಮುಟ್ಟುವ ಹೊತ್ತು ತಿಳಿಸಿ. ಶುಕ್ರವಾರ ಸಂಜೆಯ ಬಸ್ಸಿಗೆ ಹಾಕಬೇಡಿ: ಎರಡನೇ ಶನಿವಾರ, ಭಾನುವಾರ ಸೇರಿದರೆ ಪೆಟ್ಟಿಗೆ ನಿಲ್ದಾಣದಲ್ಲೇ ಮೂರು ರಾತ್ರಿ ಕಳೆಯುತ್ತದೆ. ಅಂಥ ದಿನ ಸೀರಂ ಬೇರ್ಪಡಿಸಿ, ಲೇಪವನ್ನು ಮೆಥನಾಲಿನಲ್ಲಿ ಅದ್ದಿ ಒಣಗಿಸಿ, ಆಸ್ಪತ್ರೆಯ ಫ್ರಿಜ್ಜಿನ ನಡುವಿನ ಹಲಗೆಯ ಮೇಲೆ ಸೀರಂ ಇಟ್ಟು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಕೊಡಿ.